ಮೂರು ಮಡಿಕೆ ಕೊಡೆ: ಕೀಲಿನ ಪಕ್ಕದಲ್ಲೇ ಕಡ್ಡಿ ಮುರಿದಿದೆ, ಮನೇಲೇ ಸರಿಮಾಡೋದು ಹೇಗೆ?

ಗುಬ್ಬಿಗೇಟ್ ಗುಬ್ಬಚ್ಚಿ, ತುಮಕೂರು

ಎರಡು ಕೊಡೆ ಇವೆ, ಎರಡಕ್ಕೂ ಬೇರೆ ಬೇರೆ ಕಾಯಿಲೆ.

ಮೊದಲನೇದು ಮೂರು ಮಡಿಕೆದು. ಎಂಟು ಕಡ್ಡಿ, ಕೈಯಲ್ಲಿ ತಳ್ಳಿ ಬಿಚ್ಚೋದು, ಬಟನ್ ಇಲ್ಲ. ಆಷಾಢದ ಗಾಳಿಗೆ ಮಗುಚಿಕೊಂಡಾಗ ಒಂದು ಕಡ್ಡಿ ನಡುವಿನ ಕೀಲಿನ ಹತ್ತಿರ ಲಟಕ್ಕನೆ ಮುರೀತು. ಅದರ ಪಕ್ಕದ ಕಡ್ಡಿ ಮುರಿದಿಲ್ಲ, ಆದರೆ ಕೀಲಿನ ರಿವೆಟ್ ಎಲ್ಲೋ ಬಿದ್ದುಹೋಗಿ ಎರಡು ತುಂಡೂ ಜೋಲಾಡ್ತಿವೆ. ಬಟ್ಟೆ ಎಲ್ಲೂ ಹರಿದಿಲ್ಲ. ಎರಡು ತುದಿಯಲ್ಲಿ ಮಾತ್ರ ಹೊಲಿಗೆ ಬಿಟ್ಟು, ಕಡ್ಡಿ ತುದಿಯ ಟೋಪಿಯಿಂದ ಕಳಚಿಕೊಂಡಿದೆ.

ಎರಡನೇದು ಉದ್ದ ಕಪ್ಪು ಕೊಡೆ, ಬಾಗಿದ ಹಿಡಿ. ಬಿಚ್ಚಿದರೆ ನಿಲ್ಲಲ್ಲ, ಸರ್ರನೆ ಜಾರಿ ಕೈ ಮೇಲೆ ಬೀಳುತ್ತೆ.

ಕಟಿಂಗ್ ಪ್ಲೇಯರ್, ಸುತ್ತಿಗೆ, ಸಣ್ಣ ಅರ, ಸೂಜಿ ದಾರ ಮನೇಲಿವೆ. ಎಂ-ಸೀಲ್ ಮೆತ್ತಿದರೆ ಸಾಕಾ, ಇಲ್ಲ ವೆಲ್ಡಿಂಗ್‌ನವರ ಹತ್ತಿರ ಒಯ್ಯಬೇಕಾ? ತಂತಿ ಎಷ್ಟು ದಪ್ಪದ್ದು ಬೇಕು ಅಂತ ಅಳತೆ ಸಮೇತ ಹೇಳಿದರೆ ಉಪಕಾರ.


ಐದು ನಿಮಿಷ, ತುಮಕೂರು

ಮುರಿದ ಜಾಗಕ್ಕೆ ಫೆವಿಕ್ವಿಕ್ ಬಿಟ್ಟು ಮೇಲೆ ಅಡುಗೆ ಸೋಡಾ ಉದುರಿಸಿ. ಕಲ್ಲಿನ ಹಾಗೆ ಆಗುತ್ತೆ. ಇಷ್ಟಕ್ಕೆ ಅರ, ಸುತ್ತಿಗೆ ಯಾಕೆ?


ತಂತಿಗಂಟು, ಮಧುಗಿರಿ

ಸೋಡಾ ಸೇರಿದರೆ ಕಲ್ಲಿನ ಹಾಗೆ ಆಗೋದು ನಿಜ. ಆದರೆ ಕೊಡೆ ಕಡ್ಡಿ ಬಿಲ್ಲಿನ ಕೆಲಸ ಮಾಡಬೇಕು. ಬಿಚ್ಚಿದಾಗಲೆಲ್ಲ ಬಟ್ಟೆ ಅದನ್ನ ಬಗ್ಗಿಸಿ ಹಿಡಿದಿರುತ್ತೆ, ಬಗ್ಗದ ಅಂಟು ಎರಡು ಸಲ ಬಿಚ್ಚೋದರೊಳಗೆ ಬಿರುಕು ಬಿಡುತ್ತೆ. ಅದಕ್ಕಿಂತ ಕೆಟ್ಟದ್ದು, ನೀರಿನಂಥ ಆ ಅಂಟು ಹರಿದು ಕೀಲಿನ ಸಂದಿಗೆ ಇಳಿಯೋದು. ಕೀಲು ಸೆಟೆದುಕೊಂಡ ಮೇಲೆ ಮಡಿಸೋಕೆ ಹೋದರೆ ಪಕ್ಕದ ಒಳ್ಳೇ ಕಡ್ಡಿನೂ ಮುರಿಯುತ್ತೆ.

ವೆಲ್ಡಿಂಗ್ ಬೇಡವೇ ಬೇಡ. ತಗಡು ಅಷ್ಟು ತೆಳು, ತಾಗಿಸಿದ ಕೂಡಲೇ ತೂತು ಬೀಳುತ್ತೆ. ಹೇಗೋ ಅಂಟಿದರೂ ಆ ಕಾವಿಗೆ ಉಕ್ಕಿನ ಸ್ಪ್ರಿಂಗ್ ಗುಣ ಹೋಗಿ ಆ ಜಾಗ ಮೆತ್ತಗಾಗುತ್ತೆ.

ಕೆಲಸಕ್ಕೆ ಕೂರೋ ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ಕೊಡೆಯಲ್ಲಿ ತಿರುಗಬೇಕಾದ ಜಾಗ ಬೇರೆ, ತಿರುಗಬಾರದ ಜಾಗ ಬೇರೆ. ಕಡ್ಡಿ ನಡುವೆ ಮುರಿದಿದ್ದರೆ ದಬ್ಬೆ ಕಟ್ಟಬೇಕು. ಕೀಲು ಬಿಟ್ಟಿದ್ದರೆ ರಿವೆಟ್ ಹಾಕಬೇಕು. ಒಂದರ ಮದ್ದು ಇನ್ನೊಂದಕ್ಕೆ ಆಗಲ್ಲ.

ಕಡ್ಡಿಯನ್ನ ಅಡ್ಡ ನೋಡಿದರೆ ಇಂಗ್ಲಿಷಿನ ಯು ಅಕ್ಷರದ ಹಾಗೆ ಕಾಲುವೆ ಇರುತ್ತೆ. 1852ರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಫಾಕ್ಸ್ ಈ ಆಕಾರ ತಂದ. ಅದಕ್ಕೂ ಮೊದಲು ತಿಮಿಂಗಿಲದ ಬಾಯೊಳಗಿನ ಪಟ್ಟಿ, ಬೆತ್ತ ಇಂಥವೇ ಕಡ್ಡಿ. ಕಾಲುವೆ ಆಕಾರದಿಂದ ತೂಕ ಕಡಿಮೆ, ಬಿಗಿ ಜಾಸ್ತಿ. ಆದರೆ ಒಂದು ಸಲ ಕಾಲುವೆಯ ಗೋಡೆ ಒಳಕ್ಕೆ ಮಡಚಿಕೊಂಡರೆ ಆ ಬಿಗಿ ಪೂರ್ತಿ ಹೋಯ್ತು, ಆಮೇಲೆ ಅದು ಬರೀ ತಗಡಿನ ಪಟ್ಟಿ. ಆಸರೆ ಕಡ್ಡಿ ಬಂದು ಸೇರೋ ಕೀಲಿನ ಹತ್ತಿರವೇ ಬಗ್ಗೋ ಒತ್ತಡ ಅತಿ ಹೆಚ್ಚು, ರಿವೆಟ್ಟಿಗೆ ತೂತು ಕೊರೆದಿರೋದೂ ಅಲ್ಲೇ, ಒದ್ದೆ ಮಡಿಸಿಟ್ಟಾಗ ನೀರು ನಿಂತು ತುಕ್ಕು ಹಿಡಿಯೋದೂ ಅಲ್ಲೇ. ಅದಕ್ಕೆ ನೂರಕ್ಕೆ ತೊಂಬತ್ತು ಕೊಡೆ ಮುರಿಯೋದು ಅಲ್ಲೇ ಅಂದರೂ ಉತ್ಪ್ರೇಕ್ಷೆ ಆಗಲಾರದು.

ದಬ್ಬೆ ಕಟ್ಟೋದು ಹೀಗೆ. ಸೈಕಲ್ ಅಂಗಡಿಯಿಂದ ಹಳೇ ಸ್ಪೋಕ್ ಒಂದು ತನ್ನಿ, ಸುಮಾರು 2 ಮಿ.ಮೀ. ದಪ್ಪ ಇರುತ್ತೆ. ಬಹುಪಾಲು ಕಡ್ಡಿಗಳ ಕಾಲುವೆಯೊಳಗೆ ಅದು ಕೂರುತ್ತೆ. ಕೂರದಿದ್ದರೆ ಹೊರಗಿನ ಬೆನ್ನಿಗೆ ಕಟ್ಟಬಹುದು. 6 ಸೆಂ.ಮೀ. ಕತ್ತರಿಸಿ, ಎರಡು ತುದಿಯನ್ನೂ ಅರದಿಂದ ಉಜ್ಜಿ ದುಂಡಗೆ ಮಾಡಿ. ಈ ಉಜ್ಜೋದನ್ನ ಬಿಟ್ಟರೆ ಒಂದೇ ವಾರಕ್ಕೆ ಆ ಮೊನೆ ಬಟ್ಟೇಲಿ ಕಿಂಡಿ ಮಾಡುತ್ತೆ. ಮುರಿದ ಕಡ್ಡಿಯ ಮಡಚಿದ ಗೋಡೆಗಳನ್ನ ಪ್ಲೇಯರ್ ಮೂತಿಯಿಂದ ನಿಧಾನಕ್ಕೆ ಎಬ್ಬಿಸಿ, ತುಕ್ಕನ್ನ ಎಮರಿ ಪೇಪರಿನಿಂದ ತೆಗೆದು, ಸ್ಪೋಕ್ ತುಂಡನ್ನ ಮುರುಕಿನ ಆಚೆ 3, ಈಚೆ 3 ಸೆಂ.ಮೀ. ಬರೋ ಹಾಗೆ ಕೂರಿಸಿ. ಸಣ್ಣ ತಂತಿಯಿಂದ, 26 ಗೇಜ್ ಅಂದರೆ ಅರ್ಧ ಮಿ.ಮೀ.ಗಿಂತ ಸ್ವಲ್ಪ ಕಡಿಮೆ, ಎರಡೂ ಕಡೆ ಹತ್ತು ಹತ್ತು ಸುತ್ತು ಒತ್ತೊತ್ತಾಗಿ ಬಿಗಿಯಿರಿ. ಸುತ್ತು ಮುರುಕಿನ ಮೇಲೆ ಅಲ್ಲ, ದಬ್ಬೆಯ ತುದಿಗಳ ಹತ್ತಿರ. ತುದಿ ಹಿಡಿದಿದ್ದರೆ ನಡುವೆ ತಾನಾಗೇ ನಿಲ್ಲುತ್ತೆ, ನಡುವೆ ಮಾತ್ರ ಹಿಡಿದರೆ ತುದಿ ಎದ್ದು ಬರುತ್ತೆ.

ಅದರ ಮೇಲೆ ಅರಾಲ್ಡೈಟ್, ಎರಡೂ ಟ್ಯೂಬಿನಿಂದ ಸಮಸಮ ಕಲಸಿ ತೆಳ್ಳಗೆ ಸವರಿ. ಭಾರ ಹೊರೋದು ತಂತಿ, ಅಂಟು ಇರೋದು ತಂತಿ ಜಾರದ ಹಾಗೆ ನೋಡಿಕೊಳ್ಳೋಕೆ ಮಾತ್ರ. 24 ಗಂಟೆ ಮುಟ್ಟಬೇಡಿ. ಐದು ನಿಮಿಷದಲ್ಲಿ ಗಟ್ಟಿಯಾಗೋ ಬಗೆ ತರಬೇಡಿ, ಸುತ್ತುಗಳ ನಡುವೆ ಇಳಿಯೋ ಮೊದಲೇ ಅದು ಕಟ್ಟಿಕೊಳ್ಳುತ್ತೆ. ಎಂ-ಸೀಲ್ ಉಂಡೆ ಮೆತ್ತಿದರೆ ದಪ್ಪ ಆಗಿ ಮೂರು ಮಡಿಕೆ ಕೊಡೆ ಮಡಿಸೋಕೇ ಬರಲ್ಲ.

ಇಲ್ಲೊಂದು ಎಡವಟ್ಟಿದೆ. ಮೂರು ಮಡಿಕೆಯಲ್ಲಿ ಹೊರಗಿನ ತುಂಡನ್ನ ಎಳೆಯೋ ಸಣ್ಣ ತಂತಿ ಒಂದಿರುತ್ತೆ. ಕೆಲವು ಕೊಡೇಲಿ ಮಡಿಸಿದಾಗ ಆ ತಂತಿ ಬಂದು ಕೂರೋದೇ ನಡುವಿನ ಕಡ್ಡಿಯ ಕಾಲುವೆಯೊಳಗೆ. ಅಂಥದರಲ್ಲಿ ಒಳಗೆ ದಬ್ಬೆ ಇಟ್ಟರೆ ಎಳೆತಂತಿಗೆ ಜಾಗ ಇಲ್ಲ. ಅಂಟು ಹಾಕೋ ಮೊದಲು ಬರೀ ತಂತಿ ಸುತ್ತಿ ಒಂದು ಸಲ ಮಡಿಸಿ ನೋಡಿ. ತಾಗಿದರೆ ದಬ್ಬೆಯನ್ನ ಬೆನ್ನ ಮೇಲೆ ಕಟ್ಟಿ. ಅಯಸ್ಕಾಂತನೂ ಹಿಡಿದು ನೋಡಿ. ಅಂಟದಿದ್ದರೆ ಅದು ಅಲ್ಯೂಮಿನಿಯಂ ಕಡ್ಡಿ, ಬಗ್ಗಿದ್ದನ್ನ ನೆಟ್ಟಗೆ ಮಾಡೋಕೆ ಹೋದರೆ ಅಲ್ಲೇ ತುಂಡಾಗುತ್ತೆ. ಬಗ್ಗಿದ ಹಾಗೇ ಬಿಟ್ಟು ದಬ್ಬೆ ಕಟ್ಟೋದೇ ವಾಸಿ.

ಈಗ ರಿವೆಟ್. ಮೀಟರ್ ಬೋರ್ಡಿಗೆ ಎಳೆಯೋ ಅಲ್ಯೂಮಿನಿಯಂ ಸರ್ವಿಸ್ ವೈರ್ ತುಂಡು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತೆ. 2.5 ಚದರ ಮಿ.ಮೀ. ಒಂಟಿ ಎಳೆಯದಾದರೆ ದಪ್ಪ 1.8 ಮಿ.ಮೀ. ಸುತ್ತಿಗೆಗೆ ಚೆನ್ನಾಗಿ ಬಗ್ಗುತ್ತೆ, ತುಕ್ಕು ಹಿಡಿಯಲ್ಲ. ತೂತಿಗೆ ದಪ್ಪ ಆದರೆ ತಂತಿಯನ್ನ ಅರದಿಂದ ಸವೆಸಿ. ತೂತನ್ನ ದೊಡ್ಡದು ಮಾಡಬೇಡಿ, ಅಲ್ಲಿ ಉಳಿದಿರೋ ತಗಡೇ ಕಡಿಮೆ. ಎರಡೂ ತುಂಡಿನ ತೂತು ಸೇರಿಸಿ ತಂತಿ ತೂರಿಸಿ, ಎರಡೂ ಕಡೆ ಒಂದೂವರೆಯಿಂದ ಎರಡು ಮಿ.ಮೀ. ಹೊರಗೆ ಬಿಟ್ಟು ಕತ್ತರಿಸಿ. ತಗಡುಗಳ ನಡುವೆ ಪೋಸ್ಟ್ ಕಾರ್ಡ್ ದಪ್ಪದ ಕಾಗದ ಸಿಕ್ಕಿಸಿ. ಅಡಿಗೆ ಎರಡು ಕೆ.ಜಿ. ತೂಕದ ಬಟ್ಟು ಇಟ್ಟುಕೊಂಡು ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಅಂತ ಹತ್ತಿಪ್ಪತ್ತು ಏಟು, ತಿರುಗಿಸಿ ಇನ್ನೊಂದು ಕಡೆಗೂ ಅಷ್ಟೇ. ಒಂದೇ ಜೋರು ಏಟು ಹಾಕಿದರೆ ತಂತಿ ಓರೆಯಾಗಿ ಮಲಗುತ್ತೆ. ತಲೆ ಅಣಬೆ ಹಾಗೆ ಹರಡಿದ ಮೇಲೆ ಕಾಗದ ಕಿತ್ತು ತೆಗೀರಿ. ಕೀಲು ತಿರುಗೋಕೆ ಬೇಕಾದ ಸಡಿಲ ಆ ಕಾಗದದ ದಪ್ಪದಷ್ಟೇ. ಕಾಗದ ಇಡದೆ ಬಡಿದರೆ ಕೀಲು ಕಚ್ಚಿಕೊಳ್ಳುತ್ತೆ, ಮತ್ತೆ ಮುರಿಯೋದು ಕಡ್ಡಿನೇ.

ಮುರುಕು ಕೀಲಿನಿಂದ ಎಷ್ಟು ದೂರ ಇದೆ ಅಂತ ಅಳೆದು ಹೇಳಿ. 2 ಸೆಂ.ಮೀ.ಗಿಂತ ಹತ್ತಿರ ಇದ್ದರೆ ದಬ್ಬೆಗೆ ಆ ಕಡೆ ಹಿಡಿತವೇ ಸಿಗಲ್ಲ, ಬೇರೆ ದಾರಿ ನೋಡಬೇಕು.


ಸೂಜಿಮೊನೆ, ಚಿಕ್ಕಬಳ್ಳಾಪುರ

ಬಟ್ಟೆ ವಿಷಯ ನಾನು ಹೇಳ್ತೀನಿ. ಮೊದಲು ಬಟ್ಟೆಗೆ ಆಯಸ್ಸು ಇದೆಯಾ ನೋಡಿ. ಮಡಿಕೆ ಬಿದ್ದ ಗೆರೆ ಮೇಲೆ ಹೆಬ್ಬೆರಳಿನ ಉಗುರಿಂದ ಒತ್ತಿ ಎಳೀರಿ. ಪರ್ರ್ ಅಂದರೆ ಕಡ್ಡಿ ರಿಪೇರಿಗೆ ಕೂರಲೇಬೇಡಿ. ನಮ್ಮ ಬಯಲುಸೀಮೆಯಲ್ಲಿ ಮಳೆಗಿಂತ ಬಿಸಿಲಿಗೆ ಹಿಡಿಯೋದೇ ಹೆಚ್ಚು, ಬಿಸಿಲಿಗೆ ನೈಲಾನ್ ಬೇಗ ಜೀರ್ಣವಾಗುತ್ತೆ, ಪಾಲಿಯೆಸ್ಟರ್ ಸ್ವಲ್ಪ ಹೆಚ್ಚು ತಡೆಯುತ್ತೆ.

ದಾರ ಹತ್ತಿಯದು ಬೇಡ, ನೆನೆದು ಒಣಗಿ ಕೊಳೆಯುತ್ತೆ. ಚಪ್ಪಲಿ ಹೊಲಿಯೋ ನೈಲಾನ್ ದಾರದಲ್ಲಿ ಸಣ್ಣದನ್ನ ತಗೊಳ್ಳಿ. ಸೂಜಿನೂ ಸಣ್ಣದೇ. ದಬ್ಬಳದಲ್ಲಿ ಚುಚ್ಚಿದ ತೂತು ಮುಚ್ಚಿಕೊಳ್ಳಲ್ಲ, ಅಲ್ಲೇ ತೊಟ್ಟಿಕ್ಕುತ್ತೆ. ಟೋಪಿಯ ತೂತಿಗೂ ಬಟ್ಟೆಯ ಮೂಲೆಗೂ ನಾಲ್ಕು ಸಲ ದಾರ ಹಾಯಿಸಿ, ಬಿಗಿ ಎಳೆಯದೆ, ಕಡ್ಡಿಗೂ ಬಟ್ಟೆಗೂ ನಡುವೆ ಅಕ್ಕಿಕಾಳಿನಷ್ಟು ಸಡಿಲ ಬಿಡಿ. ಆಮೇಲೆ ಆ ಎಳೆಗಳ ಸುತ್ತ ಅದೇ ದಾರವನ್ನ ಮೂರು ಸುತ್ತು ಸುತ್ತಿ ಗಂಟು. ಗಂಟಿನ ತುದಿಗೆ ಊದಿನಕಡ್ಡಿ ಕೆಂಡ ಸೋಕಿಸಿದರೆ ಕರಗಿ ಮುತ್ತಾಗುತ್ತೆ, ಬಿಚ್ಚಲ್ಲ. ಬೆಂಕಿಕಡ್ಡಿ ಗೀರಬೇಡಿ, ಉರಿ ತಾಗಿದರೆ ಬಟ್ಟೆಯೂ ಅದೇ ಥರ ಕರಗುತ್ತೆ.

ತುದಿ ಹೊಲಿಗೆ ಬಿಟ್ಟ ಕೊಡೆಯಲ್ಲಿ ಜನ ನೋಡದೆ ಬಿಡೋದು ನಡುವಿನ ಕಟ್ಟು. ಪ್ರತಿ ಕಡ್ಡಿಗೂ ಕೀಲಿನ ಹತ್ತಿರ ಬಟ್ಟೆಯ ಹೊಲಿಗೆಯನ್ನ ಒಂದು ಎಳೆ ದಾರದಿಂದ ಕಟ್ಟಿರುತ್ತಾರೆ. ಅದು ಹೋಗಿದ್ದರೆ ಗಾಳಿಗೆ ಬಟ್ಟೆ ಬಲೂನಿನ ಹಾಗೆ ಎದ್ದು, ಇಡೀ ಭಾರ ತುದಿಯ ಹೊಲಿಗೆ ಮೇಲೆ ಬೀಳುತ್ತೆ. ಎಂಟನ್ನೂ ಎಣಿಸಿ ನೋಡಿ.

ಸಣ್ಣ ಕಿಂಡಿ ಇದ್ದರೆ ಕೊಡೆ ಜೊತೆ ಬಂದ ಚೀಲವನ್ನ ಕತ್ತರಿಸಿ, ಅದು ಬಹುಮಟ್ಟಿಗೆ ಅದೇ ಬಟ್ಟೆ. ಕಿಂಡಿಗಿಂತ ಎಲ್ಲಾ ಕಡೆ ಒಂದೂವರೆ ಸೆಂ.ಮೀ. ದೊಡ್ಡದು, ಮೂಲೆ ದುಂಡಗೆ. ಫೆವಿಬಾಂಡ್ ಥರದ ರಬ್ಬರ್ ಅಂಟನ್ನ ಎರಡೂ ಕಡೆ ತೆಳ್ಳಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು, ಬೆರಳಿಗೆ ಹತ್ತದಷ್ಟು ಆರಿದಾಗ ಒಳಗಿನಿಂದ ಒತ್ತಿ. ಇಸ್ತ್ರಿ ಪೆಟ್ಟಿಗೆ ಹತ್ತಿರ ತರಬೇಡಿ.

ತೊಳೆಯೋದಾದರೆ ಬರೀ ನೀರು. ಸೋಪಿನ ಅಂಶ ಬಟ್ಟೆಯಲ್ಲಿ ಉಳಿದರೆ ನೀರು ಹನಿಯಾಗಿ ಉರುಳೋ ಬದಲು ಹೀರಿಕೊಳ್ಳೋಕೆ ಶುರು. ಬೋರ್‌ವೆಲ್ ನೀರಾದರೆ ಕಪ್ಪು ಬಟ್ಟೆ ಮೇಲೆ ಬಿಳಿ ಕಲೆ ಗ್ಯಾರಂಟಿ, ಮಳೆನೀರು ಹಿಡಿದಿಟ್ಟಿದ್ದರೆ ಅದೇ ಒಳ್ಳೇದು.


ತಂತಿಗಂಟು, ಮಧುಗಿರಿ

ಉದ್ದ ಕೊಡೆ ಬಗ್ಗೆ ಹೇಳೋದು ಬಿಟ್ಟೆ. ಅದರ ಸ್ಪ್ರಿಂಗ್ ನಿಜಕ್ಕೂ ಛತ್ರಿ ಬುದ್ಧಿಯದು: ತಪ್ಪು ತನ್ನದಲ್ಲದಿದ್ದರೂ ಹಾಗೆ ಕಾಣಿಸುತ್ತೆ, ತನ್ನದಾಗಿದ್ದರೆ ಕಾಣಿಸೋದೇ ಇಲ್ಲ.

ಕೊಡೆ ಪೂರ್ತಿ ಬಿಚ್ಚಿ, ಜಾರೋ ಕೊಳವೆಯನ್ನ ಮೇಲೆ ಒತ್ತಿ ಹಿಡಿದು, ಅದರ ಕೆಳಗೆ ಕೋಲಿನ ಸೀಳಿನಲ್ಲಿ ಸ್ಪ್ರಿಂಗ್ ಹೊರಗೆ ಬಂದಿದೆಯಾ ನೋಡಿ. ಚೆನ್ನಾಗಿ ಮೂರ್ನಾಲ್ಕು ಮಿ.ಮೀ. ಹೊರಗೆ ಬಂದಿದ್ದೂ ಕೊಳವೆ ಜಾರಿದರೆ ತಪ್ಪು ಕೊಳವೆಯದು. ಅದರ ಕೆಳಗಿನ ಅಂಚು ಸವೆದು ದುಂಡಗಾಗಿದೆ ಅಥವಾ ಪ್ಲಾಸ್ಟಿಕ್ ಸೀಳಿದೆ. ಅಂಚನ್ನ ಅರದಿಂದ ಸಮತಟ್ಟು ಮಾಡಿ. ಸೀಳಿದ್ದರೆ ಸುತ್ತ ನೈಲಾನ್ ದಾರ ಒತ್ತಾಗಿ ಸುತ್ತಿ ಅರಾಲ್ಡೈಟ್ ಸವರಿ, ಒಳಕ್ಕೆ ಇಳಿಯದ ಹಾಗೆ.

ಸ್ಪ್ರಿಂಗೇ ಹೊರಗೆ ಬರದಿದ್ದರೆ ಅರ್ಧ ಪಾಲು ಅದು ಬರೀ ತುಕ್ಕು. ಎರಡು ಹನಿ ಸೀಮೆಎಣ್ಣೆ ಬಿಟ್ಟು ಅರ್ಧ ಗಂಟೆ ಬಿಟ್ಟು ಬೆರಳಲ್ಲಿ ಇಪ್ಪತ್ತು ಸಲ ಒತ್ತಿ ಬಿಡಿ, ಆಮೇಲೆ ಹೊಲಿಗೆ ಮಿಷಿನ್ ಎಣ್ಣೆ ಒಂದು ಹನಿ. ಕೊಬ್ಬರಿ ಎಣ್ಣೆ ಹಾಕಬೇಡಿ. ಧೂಳು ಹಿಡಿದು ಅಂಟಾಗುತ್ತೆ, ನಮ್ಮ ಕಡೆ ಮಾಗಿ ಚಳಿಗೆ ಹೆಪ್ಪೂ ಕಟ್ಟುತ್ತೆ.

ಸ್ಪ್ರಿಂಗ್ ಮುರಿದಿದ್ದರೆ ದೊಡ್ಡ ಸೇಫ್ಟಿ ಪಿನ್ನಿನ ತಂತಿ ಸಾಕು, ಸುಮಾರು 1 ಮಿ.ಮೀ. ಇರುತ್ತೆ. ಕಾಯಿಸದೆ ತಣ್ಣಗೇ ಬಗ್ಗಿಸಿ. ಬೇಲಿ ತಂತಿ, ಕಂಬಿ ಕಟ್ಟೋ ತಂತಿ ಆಗಲ್ಲ, ಒತ್ತಿದರೆ ಒತ್ತಿದ ಹಾಗೇ ಇರುತ್ತೆ. ಆಕಾರ ಓರೆ ಸೂರಿನ ಹಾಗೆ: ಕೆಳಗಿನ ಕಡೆ ಉದ್ದ ಇಳಿಜಾರು, ಮೇಲಿನ ಕಡೆ ನೇರ ಮೆಟ್ಟಿಲು. ಕೊಳವೆ ಇಳಿಜಾರಿನ ಮೇಲೆ ಹತ್ತಿ ಸ್ಪ್ರಿಂಗನ್ನ ಒಳಗೆ ತಳ್ಳಿ ದಾಟುತ್ತೆ, ಆಮೇಲೆ ಮೆಟ್ಟಿಲ ಮೇಲೆ ಕೂರುತ್ತೆ. ತಲೆಕೆಳಗು ಹಾಕಿದರೆ ಕೊಳವೆ ಮೇಲೆ ಹೋಗೋದೇ ಇಲ್ಲ. ಹಿಡಿಯ ಹತ್ತಿರ ಇರೋ, ಮುಚ್ಚಿದಾಗ ಹಿಡಿಯೋ ಸ್ಪ್ರಿಂಗ್ ಇದಕ್ಕೆ ಸರೀ ಉಲ್ಟಾ. ಅದನ್ನ ನೋಡಿಕೊಂಡು ಅಳತೆ ತಗೊಳ್ಳಬಹುದು. ತಂತಿಯ ಎರಡೂ ತುದಿಯನ್ನ ಒಳಕ್ಕೆ ಕೊಕ್ಕೆ ಮಾಡಿ ಸೀಳಿನ ಎರಡು ಕೊನೆಗೆ ಸಿಕ್ಕಿಸಬೇಕು, ಇಲ್ಲದಿದ್ದರೆ ಕೋಲಿನೊಳಗೆ ಬಿದ್ದು ಗಲಗಲ ಅನ್ನುತ್ತೆ.

ಬಟನ್ ಕೊಡೆ ಇರೋರು ಇದನ್ನ ಓದಿ ಕೈ ಹಾಕಬೇಡಿ. ಒತ್ತಿದರೆ ಬಿಚ್ಚೋದು, ಮತ್ತೆ ಒತ್ತಿದರೆ ಮುಚ್ಚೋದು ಇರುತ್ತಲ್ಲ, ಅದರ ಕೋಲಿನೊಳಗೆ ಉದ್ದದ ಸ್ಪ್ರಿಂಗ್ ಒತ್ತಿ ಕೂತಿರುತ್ತೆ. ಮಡಿಸಿದ ಸ್ಥಿತಿಯಲ್ಲಿ ಹಿಡಿ ಬಿಚ್ಚಿದರೆ ಕೋಲು ಮುಖಕ್ಕೇ ಚಿಮ್ಮುತ್ತೆ. ಒಳಗಿನ ದಾರ ಕಿತ್ತಿದ್ದರೆ ಅದು ಮನೆ ಕೆಲಸ ಅಲ್ಲ.


ಮಂಡಿ ಗಾಡಿ, ಕೋಲಾರ

ಇದರ ಜೊತೆಗೇ ಒಂದು ಕೇಳಿಬಿಡ್ತೀನಿ. ತಳ್ಳುಗಾಡಿ ಮೇಲಿನ ದೊಡ್ಡ ಛತ್ರಿ, ಬಿಚ್ಚಿದರೆ ಆರೂವರೆ ಅಡಿ ಅಗಲ. ಕಡ್ಡಿಗಳು ಮೇಲೆ ಸೇರೋ ಪ್ಲಾಸ್ಟಿಕ್ ಗಾಲಿಯಲ್ಲಿ ಎರಡು ಕಡ್ಡಿ ಕಿತ್ತು ಬಂದಿವೆ. ಕಡ್ಡಿ ತುದಿಗೆ ಹಗ್ಗ ಕಟ್ಟಿ ಗಾಡಿಗೆ ಬಿಗಿದರೆ ನಿಲ್ಲುತ್ತಾ?


ತಂತಿಗಂಟು, ಮಧುಗಿರಿ

ಅಣ್ಣ, ಕಡ್ಡಿ ತುದಿಗೆ ಹಗ್ಗ ಕಟ್ಟಬೇಡಿ. ಆರೂವರೆ ಅಡಿ ಅಂದರೆ ಸುಮಾರು 3 ಚದರ ಮೀಟರ್ ಬಟ್ಟೆ. ಗಂಟೆಗೆ 40 ಕಿ.ಮೀ. ಗಾಳಿ ಅದಕ್ಕೆ ಎದುರು ಬಡಿದರೆ ಕಡಿಮೆ ಅಂದರೂ 23–24 ಕೆ.ಜಿ. ಭಾರದ ತಳ್ಳು, ಗಾಳಿ ವೇಗ ಎರಡರಷ್ಟಾದರೆ ತಳ್ಳು ನಾಲ್ಕರಷ್ಟು. ತುದಿ ಕಟ್ಟಿದ್ದರೆ ಅದೆಲ್ಲ ಒಂದೆರಡು ಕಡ್ಡಿ ಮೇಲೆ ಬೀಳುತ್ತೆ. ಹಗ್ಗವನ್ನ ನಡುಗಂಬಕ್ಕೆ, ಆದಷ್ಟು ಮೇಲೆ, ಮೂರು ದಿಕ್ಕಿಗೆ ಕಟ್ಟಿ. ನೆತ್ತಿಯಲ್ಲಿ ಗಾಳಿ ಹೋಗೋ ಎರಡನೇ ಪದರದ ಟೋಪಿ ಇದ್ದರೆ ಅದನ್ನ ಹೊಲಿದು ಮುಚ್ಚಬೇಡಿ, ಸೋರುತ್ತೆ ಅಂತ ಕೆಲವರು ಹೊಲಿಸ್ತಾರೆ.

ಗಾಲಿ ಕಿತ್ತಿದ್ದಕ್ಕೆ: ಕಡ್ಡಿಗಳ ತೂತಿನಲ್ಲಿ ಹಾಯ್ದು ಗಾಲಿಯ ಸುತ್ತ ಹೋಗೋ ತಂತಿ ಉಂಗುರ ಇದೆಯಾ ನೋಡಿ. ಇದ್ದರೆ ತುಂಡಾಗಿರೋದು ಅದೇ. ಹೊಸ ಜಿ.ಐ. ತಂತಿ, ಈ ಅಳತೆಗೆ 16 ಗೇಜ್ ಅಂದರೆ 1.6 ಮಿ.ಮೀ., ಎಲ್ಲಾ ಕಡ್ಡಿಗಳಲ್ಲೂ ಪೋಣಿಸಿ, ತುದಿ ತಿರುಚಿ, ತಿರುಚಿದ ಬಾಲವನ್ನ ಎರಡು ಕಡ್ಡಿಗಳ ನಡುವಿನ ಸಂದಿಗೆ ಮಡಚಿ. ಬಟ್ಟೆ ಕಡೆ ಮೇಲಕ್ಕೆ ಬಿಟ್ಟರೆ ಚುಚ್ಚುತ್ತೆ. ಸಣ್ಣ ಕೈಕೊಡೆಗೂ ಇದೇ ಕೆಲಸ, ತಂತಿ ಮಾತ್ರ 20 ಗೇಜ್. ಉಂಗುರ ಇಲ್ಲದೆ ಪ್ಲಾಸ್ಟಿಕ್ಕಿನ ಕಿವಿಗಳೇ ಮುರಿದಿದ್ದರೆ ಅಂಟು ದಂಡ, ಗಾಲಿಯನ್ನೇ ಬದಲಿಸಿ.


ಗುಬ್ಬಿಗೇಟ್ ಗುಬ್ಬಚ್ಚಿ, ತುಮಕೂರು

ಅಳೆದೆ. ಮುರುಕು ಕೀಲಿನ ತೂತಿನಿಂದ ಬರೀ 8 ಮಿ.ಮೀ. ದೂರ. ಅಯಸ್ಕಾಂತ ಅಂಟುತ್ತೆ. ಎಳೆತಂತಿ ಮಡಿಸಿದಾಗ ಕಾಲುವೆಯೊಳಗೇ ಕೂರುತ್ತೆ. ಉದ್ದ ಕೊಡೆಯ ಸ್ಪ್ರಿಂಗ್ ಸೀಮೆಎಣ್ಣೆಗೇ ಸರಿಹೋಯ್ತು, ನಿಲ್ಲುತ್ತಿದೆ.


ತಂತಿಗಂಟು, ಮಧುಗಿರಿ

8 ಮಿ.ಮೀ.ಗೆ ದಬ್ಬೆ ಆಗಲ್ಲ. ನಡುವಿನ ತುಂಡನ್ನ ಪೂರ್ತಿ ಬದಲಿಸೋದೇ ದಾರಿ. ಗುಜರಿ ಅಂಗಡಿಯಲ್ಲಿ ಹಾಳಾದ ಮೂರು ಮಡಿಕೆ ಕೊಡೆ ಹುಡುಕಿ. ಕಂಪನಿ ಒಂದೇ ಆಗಬೇಕು ಅಂತೇನಿಲ್ಲ, ಆದರೆ ಒಂದು ತುದಿಯ ಕೀಲಿನ ತೂತಿನಿಂದ ಇನ್ನೊಂದು ತುದಿಯ ಕೀಲಿನ ತೂತಿಗೆ ಇರೋ ಅಳತೆ ನಿಮ್ಮದಕ್ಕೆ 2 ಮಿ.ಮೀ. ಒಳಗೆ ಹೊಂದಬೇಕು. ಉದ್ದ ಹೆಚ್ಚಾದರೆ ಆ ಕಡೆ ಬಟ್ಟೆ ಬಿಗಿದು ಕಡ್ಡಿ ಪಕ್ಕಕ್ಕೆ ಸೊಟ್ಟ ಆಗುತ್ತೆ, ಕಡಿಮೆಯಾದರೆ ಅಲ್ಲಿ ಜೋತುಬಿದ್ದು ನೀರು ನಿಲ್ಲುತ್ತೆ. ಎಳೆತಂತಿ ಸಿಕ್ಕಿಸೋ ಸಣ್ಣ ತೂತೂ ಅದೇ ಜಾಗದಲ್ಲಿದೆಯಾ ನೋಡಿ.

ಗುಜರಿ ಕೊಡೆ, ನಿಮ್ಮ ಮೂರು ಮಡಿಕೆ ಕೊಡೆ ಎರಡರಲ್ಲೂ ರಿವೆಟ್ ತಲೆಯನ್ನ ಅರದಿಂದ ಸವೆಸಿ, ಸಣ್ಣ ಮೊಳೆಯ ಮೊನೆ ಮುರಿದು ಚಪ್ಪಟೆ ಮಾಡಿ, ಅದನ್ನ ಇಟ್ಟು ಒಂದು ಏಟು ಕೊಟ್ಟರೆ ರಿವೆಟ್ ಕೆಳಗೆ ಬೀಳುತ್ತೆ. ಇಕ್ಕಳ ಹಾಕಿ ತಿರುಚಿ ಕೀಳಬೇಡಿ, ತೂತಿನ ಅಂಚು ಹರಿಯುತ್ತೆ. ಹೊಸ ತುಂಡಿಗೆ ಎರಡು ರಿವೆಟ್, ಪಕ್ಕದ ಕಡ್ಡಿಗೆ ಒಂದು, ಒಟ್ಟು ಮೂರು. ಒಂದೇ ತಂತಿಯಲ್ಲಿ ಮೂರನ್ನೂ ಕತ್ತರಿಸಿಕೊಂಡು ಕೂತರೆ ಅರ್ಧ ದಿನದ ಕೆಲಸ.

ಮುಗಿದ ಮೇಲೆ ಬಟ್ಟೆ ಸಡಿಲ ಇದ್ದ ಹಾಗೇ ಹತ್ತು ಸಲ ಬಿಚ್ಚಿ ಮಡಿಸಿ. ಎಂಟೂ ಕಡ್ಡಿ ಒಟ್ಟಿಗೆ ಏಳಬೇಕು. ಒಂದು ಹಿಂದೆ ಬಿದ್ದರೆ ಆ ಕೀಲು ಬಿಗಿ, ಕೈಯಲ್ಲಿ ಆಡಿಸಿ ಎಣ್ಣೆ ಬಿಡಿ. ಸೂಜಿಮೊನೆ ಅಕ್ಕ ಹೇಳಿದ ಹೊಲಿಗೆ ಕೊನೇಗೆ ಹಾಕಿ, ಮೊದಲೇ ಹೊಲಿದರೆ ಕೀಲು ಸರಿಮಾಡೋಕೆ ಮತ್ತೆ ಬಿಚ್ಚಬೇಕಾಗುತ್ತೆ.